ಸಮುದ್ರಕ್ಕೆ ಸುತ್ತುದಾರಿ

ನವೆಂಬರ್ ೯, ಸಂಜೆ

ಒದ್ದೆ ಸಾಕ್ಸ್ ಫ್ಯಾನಿನ ಕೆಳಗೆ. ಸೈಕಲ್ ಚೈನ್‌ಗೆ ಎಣ್ಣೆ ಆಯಿತು. ಮೊಣಕಾಲಿಗೆ ಮುಲಾಮೂ ಆಯಿತು. ಪಕ್ಕದ ರೂಮಿನಲ್ಲಿ ಮಾವನ ಗೊರಕೆ... ನಡುವೆ ಗೋಡೆ ಇದೆಯೋ ಇಲ್ಲವೋ ಅನ್ನಿಸುವಂತೆ.

ಇವತ್ತು ಇಳಿಜಾರು ಜಾಸ್ತಿ. ಗಾಳಿ ಬೆನ್ನಿಗಿತ್ತು. ಹಾರಿಕೊಂಡೇ ಬಂದೆ. ಮಾವ ವ್ಯಾನ್ ನಿಲ್ಲಿಸಿಕೊಂಡು ಕಾಯುವ ಜಾಗ ಈಗ ದೂರದಿಂದಲೇ ಗೊತ್ತಾಗುತ್ತದೆ. ಮರದ ನೆರಳು, ಟೀ ಅಂಗಡಿ, ಹರಟೆಗೆ ಸಿಗುವ ಒಬ್ಬ ಲಾರಿಯವನು — ಮೂರೂ ಇದ್ದಲ್ಲಿ ನಮ್ಮ ವ್ಯಾನ್ ಇದ್ದೇ ಇರುತ್ತದೆ.

ಜೀವಮಾನವಿಡೀ ಲಾರಿ ಓಡಿಸಿದವರು. ಈಗ ಸೊಸೆಯ ಸೈಕಲ್ಲಿನ ಹಿಂದೆ ಆಮೆಯ ಹಾಗೆ ಬರಬೇಕು. ಮೊದಲ ವಾರ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರು. ಈಗ ಹಾಡು ಗುನುಗುತ್ತಾರೆ. "ಏನಮ್ಮ, ತುಳೀತಿದ್ದೀಯೋ, ತಳ್ತಿದ್ದೀಯೋ?" ಎಂದು ಇವತ್ತೂ ಕೇಳಿದರು.

ಹದಿನೈದು ವರ್ಷ ಆಸ್ಪತ್ರೆ ಲ್ಯಾಬಿನಲ್ಲಿ ಕೂತು ಊರವರ ರಕ್ತ ನೋಡಿದವಳು. ಒಂದು ಸಲ ನನ್ನ ಕಾಲಿನ ಬಲದಿಂದಲೇ ಸಮುದ್ರ ಮುಟ್ಟಬೇಕು ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಮಾವ ಮಾತ್ರ, "ಯಾವ ರೋಡಲ್ಲಿ?" ಅಂದರು.

ಗಂಡನ ಫೋನ್. ಮುಂದಿನ ಭಾನುವಾರ ವ್ಯಾನ್ ನೋಡಲು ಜನ ಬರುತ್ತಾರಂತೆ. "ಅಪ್ಪಂಗೆ ಗೊತ್ತು," ಅಂದರು. ಟ್ರಿಪ್ ಮುಗಿದ ಮೇಲೆ ಮಾರುವುದೆಂದು ಮೊದಲೇ ಮಾತಾಗಿತ್ತು. ಮಾವನೂ ತಲೆಯಾಡಿಸಿದ್ದರು. ನಿಜ, ವರ್ಷವಿಡೀ ಗೇಟಿನ ಮುಂದೆ ಸುಮ್ಮನೆ ನಿಂತಿರುತ್ತದೆ.

ಸಮುದ್ರಕ್ಕೆ ಇನ್ನೆರಡೇ ದಿನ. ಬರೆದು ನೋಡಿದೆ. ಆದರೂ ನಂಬಿಕೆ ಬರುತ್ತಿಲ್ಲ.

ನವೆಂಬರ್ ೧೦

ಏರು. ಮತ್ತೆ ಏರು. ನೇರ ದಾರಿಯಲ್ಲಿ ಸೇತುವೆ ರಿಪೇರಿ ಎಂದು ಮಾವ ಬಲಕ್ಕೆ ತಿರುಗಿಸಿದರು. ಚೆಂದದ ದಾರಿ, ಸುಳ್ಳು ಹೇಳಬಾರದು. ಕೆಳಗೆ ಹೊಳೆ, ಮೇಲೆ ಕುರಿಗಳು. ಗುಡ್ಡದ ತುದಿಯಲ್ಲಿ ಮಾವ ಬಾಳೆಹಣ್ಣು ಸುಲಿದು ಹಿಡಿದು ನಿಂತಿದ್ದರು, ದೊಡ್ಡ ಅತಿಥಿ ಬರುತ್ತಿರುವ ಹಾಗೆ. ಮೊಣಕಾಲು ಮಾತ್ರ ತಕರಾರು ತೆಗೆದಿದೆ.

ಸಂಜೆ ರಸ್ತೆ ಬದಿಯ ಬೋರ್ಡ್ ನೋಡಿದೆ. ಸಮುದ್ರ ನಿನ್ನೆಗಿಂತ ದೂರ ಹೋಗಿದೆ!

"ಗುಡ್ಡ ಅಲ್ವಾ, ಬೋರ್ಡ್ ಬರೆಯೋನಿಗೂ ಸುಸ್ತಾಗಿರತ್ತೆ," ಅಂದರು ಮಾವ.

ನಕ್ಕುಬಿಟ್ಟೆ.

ನವೆಂಬರ್ ೧೧, ಮಧ್ಯಾಹ್ನ

ಪೆಟ್ರೋಲ್ ಬಂಕ್. ಮಾವ ಮುಖ ತೊಳೆಯಲು ಹೋಗಿದ್ದರು. ಟೈರಿಗೆ ಗಾಳಿ ತುಂಬುವವನನ್ನು ಸುಮ್ಮನೆ ಕೇಳಿದೆ — ಆ ಸೇತುವೆ ಯಾವಾಗ ಸರಿಯಾಗುತ್ತದೆ?

"ಸೇತುವೆನಾ? ಚೆನ್ನಾಗೇ ಇದೆಯಲ್ಲ ಮೇಡಂ. ಲಾರಿಗಳೆಲ್ಲ ಅಲ್ಲೇ ಓಡಾಡ್ತವೆ. ಸೈಕಲ್ ಇಟ್ಕೊಂಡು ಈ ಗುಡ್ಡಕ್ಕೆ ಯಾಕೆ ಬಂದ್ರಿ?"

ಮಾವ ಬಂದರು. ಕೇಳಿದೆ. ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಒಂದೆರಡು ದಿನ ಜಾಸ್ತಿ ಸಿಗ್ಲಿ ಅಂತ ಕಣಮ್ಮ."

"ಯಾರಿಗೆ?"

"ನನಗೆ."

"ನನ್ನ ಮೊಣಕಾಲು, ಮಾವ!"

ಬಂಕಿನವರೆಲ್ಲ ತಿರುಗಿ ನೋಡಿದರು. ಮಾವನ ಮುಂದೆ ದನಿ ಎತ್ತಿದ್ದು ಇದೇ ಮೊದಲು. ಅವರು ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತರು. "ಊರಿಗೆ ಹೋದ್ಮೇಲೆ ಕೀ ಕೊಟ್ಬಿಡ್ಬೇಕು. ಇಷ್ಟು ವರ್ಷ ಜೇಬಲ್ಲಿ ಯಾವುದಾದ್ರೂ ಗಾಡಿ ಕೀ ಇಲ್ದೆ ಎದ್ದೋನಲ್ಲ ನಾನು... ತಪ್ಪಾಯ್ತು. ನಿನ್ನ ಕಾಲು ಯೋಚನೆ ಮಾಡ್ಲಿಲ್ಲ."

ಸೈಕಲ್ ಹತ್ತಿದೆ.

ನವೆಂಬರ್ ೧೩

ನಿನ್ನೆ ಬರೆಯಲಿಲ್ಲ. ಕಾಲು ಊದಿಕೊಂಡು ಲಾಡ್ಜಿನಲ್ಲಿ ಬಿದ್ದುಕೊಂಡಿದ್ದೆ. ಮಾವ ಬಾಗಿಲು ತಟ್ಟುವರು, ಐಸ್ ಇಟ್ಟು ಹೋಗುವರು. ಸ್ವಲ್ಪ ಹೊತ್ತಿಗೆ ಟೀ. ಮತ್ತೆ ಐಸ್. ಇವತ್ತು ಮಧ್ಯಾಹ್ನಕ್ಕೆ ಊತ ಇಳಿಯಿತು. ಸಿಟ್ಟೂ ಅರ್ಧ ಇಳಿದಿತ್ತು.

ಡಾಕ್ಟರ್ ನೋಡಿದರು. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗಬಹುದಂತೆ. ಎದುರುಗಾಳಿಗೆ ತುಳಿಯಬಾರದಂತೆ. ಹೊರಗೆ ನೋಡಿದರೆ ಗಾಳಿ ಸಮುದ್ರದ ಕಡೆಯಿಂದಲೇ. ಅಂಗಡಿಗಳ ಬೋರ್ಡೆಲ್ಲ ದಡಬಡ. ಕಾಯೋಣವೆಂದರೆ ಸೋಮವಾರ ಲ್ಯಾಬಿಗೆ ಹೋಗಬೇಕು.

"ಗಾಡಿ ಹತ್ಬಿಡು," ಅಂದರು ಮಾವ, ನೆಲ ನೋಡುತ್ತ.

"ಹತ್ತಲ್ಲ. ಹತ್ತಿದ್ರೆ ಇಷ್ಟು ದಿನ ತುಳಿದಿದ್ದೆಲ್ಲ ದಂಡ."

ಗಲ್ಲ ಕೆರೆದುಕೊಳ್ಳುತ್ತ ಕೂತರು. ಆಮೇಲೆ ನೆಟ್ಟಗಾದರು. "ಸೈಕಲ್‌ನೋರು ಲಾರಿ ಹಿಂದೆ ಯಾಕೆ ಅಂಟ್ಕೊಂಡು ಬರ್ತಾರೆ ಹೇಳು? ಅಲ್ಲಿ ಗಾಳಿ ಇರಲ್ಲ. ನಾಳೆ ನಾನು ಹಿಂದೆ ಬರಲ್ಲ, ಮುಂದೆ ಹೋಗ್ತೀನಿ. ನೀನು ನನ್ನ ಬೆನ್ನಿಗಿರು."

"ನೀವು ಬ್ರೇಕ್ ಹಾಕಿದ್ರೆ?"

"ಹಾಕೋ ಮೊದಲು ಕೈ ತೋರಿಸ್ತೀನಿ. ಕೈ ಕಾಣಿಸದಷ್ಟು ಹತ್ರ ಬಂದ್ಯೋ, ಬೈತೀನಿ."

ಉಳಿದರ್ಧ ಸಿಟ್ಟು ಅಲ್ಲಿಗೆ ಹೋಯಿತು.

ನವೆಂಬರ್ ೧೪, ಸಂಜೆ

ಮುಟ್ಟಿದೆ.

ಇಡೀ ದಿನ ಕಣ್ಣ ಮುಂದೆ ವ್ಯಾನಿನ ಬೆನ್ನು. ಗಾಳಿ ಎರಡೂ ಪಕ್ಕದಿಂದ ಶಿಳ್ಳೆ ಹಾಕುತ್ತ ಹೋಗುತ್ತಿತ್ತು, ನನ್ನನ್ನು ಮುಟ್ಟದೆ. ನಮ್ಮ ಹಿಂದೆ ಕಾರುಗಳ ಸಾಲು. ಹಾರನ್ ಮೇಲೆ ಹಾರನ್. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೋಗಪ್ಪಾ, ಹೋಗು. ನಮಗೇನೂ ಅವಸರ ಇಲ್ಲ!" ಎನ್ನುತ್ತಿದ್ದರು. ರಸ್ತೆಯಲ್ಲಿ ಒಬ್ಬರಿಗೂ ದಾರಿ ಬಿಡದ ಮನುಷ್ಯ!

ಕೊನೆಯ ತಿರುವಿನಲ್ಲಿ ವ್ಯಾನ್ ಪಕ್ಕಕ್ಕೆ ಸರಿಯಿತು. ಕೈ ಹೊರಗೆ ಬಂತು — ಮುಂದೆ ಹೋಗು. ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಎದುರಿಗೇ ನೀರು. ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಹಸಿವಾಯಿತು. ಮುಂದಿನ ಚಕ್ರ ಅಲೆಗೆ ತಾಗಿಸಿ ನಿಂತೆ. ಮಾವ ಓಡಿ ಬಂದರು, ಶೂ ಬಿಚ್ಚುವುದನ್ನೂ ಮರೆತು. ದೊಡ್ಡ ಅಲೆ.

"ಅಯ್ಯಯ್ಯೋ, ನನ್ನ ಶೂ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರಳ ಮೇಲೆ ಕೂತು ಬ್ರೆಡ್, ಬೇಯಿಸಿದ ಮೊಟ್ಟೆ. ಕೇಳಿದೆ, "ವ್ಯಾನ್ ಮಾರೋಕೆ ಯಾಕೆ ಒಪ್ಕೊಂಡ್ರಿ ಮಾವ?"

"ಮಗ ಕೇಳ್ದ. ಬೇಡ ಅನ್ನೋಕೆ ಒಂದು ಕಾರಣ ಬೇಕಲ್ಲ. ಇಷ್ಟ ಅನ್ನೋದೂ ಒಂದು ಕಾರಣನಾ?"

"ನಾನು ಇಲ್ಲಿ ತನಕ ತುಳಿದಿದ್ದಕ್ಕೆ ಇನ್ಯಾವ ಕಾರಣ ಇತ್ತು?"

ಮಾವ ಇನ್ನೊಂದು ಮೊಟ್ಟೆ ಸುಲಿದು ನನ್ನ ಕೈಗಿಟ್ಟರು.

ನವೆಂಬರ್ ೧೫, ಬೆಳಿಗ್ಗೆ

ಗಂಡನಿಗೆ ಫೋನ್ ಮಾಡಿದೆ. "ವ್ಯಾನ್ ಕೊಡೋದು ಬೇಡ ಕಣ್ರೀ."

"ಅಪ್ಪ ಹೇಳಿಸ್ತಿದಾರಾ?"

"ಇಲ್ಲ, ನಾನೇ ಹೇಳ್ತಿದ್ದೀನಿ. ಅವ್ರಿಗೆ ಅದಂದ್ರೆ ಜೀವ. ನೀವು ಕೇಳಿದ್ರಿ, ಅವರು ಒಪ್ಪಿದ್ರು, ಅಷ್ಟೆ."

"ಒಂದು ಮಾತು ನನಗೇ ಹೇಳಬಹುದಿತ್ತಲ್ಲ ಅಪ್ಪ... ಸರಿ, ವ್ಯಾನ್ ನೋಡೋಕೆ ಬರೋರಿಗೆ ಬರ್ಬೇಡಿ ಅಂತೀನಿ."

ಮಾವನಿಗೆ ಹೇಳಿದೆ. "ಹೂಂ," ಅಂದರು. ಗಾಜು ಒರೆಸಲು ಹೋದರು. ಆಗಲೇ ಫಳಫಳ ಹೊಳೆಯುತ್ತಿದ್ದ ಗಾಜು. ಒರೆಸಿದರು, ಒರೆಸಿದರು, ಬೆನ್ನು ತಿರುಗಿಸಿಕೊಂಡೇ.

ಸೈಕಲ್ ವ್ಯಾನಿನ ಮೇಲೆ ಕಟ್ಟಿ ಆಯಿತು. ಮರಳುವ ದಾರಿ ನಾನೇ ಆರಿಸಿದ್ದೇನೆ. ಕಡಲಂಚಿನ ರಸ್ತೆ, ಆಮೇಲೆ ಕಾಡು. ಸುತ್ತು ಸ್ವಲ್ಪ ಜಾಸ್ತಿಯೇ. ನಾಳೆ ಸಂಜೆಯೊಳಗೆ ಮನೆ ಸೇರಿದರೆ ಸಾಕು. ದಾರಿಯಲ್ಲಿ ಸ್ಟೀರಿಂಗ್ ಸ್ವಲ್ಪ ಹೊತ್ತು ನನಗೂ ಕೊಡಿ ಎಂದು ಕೇಳಬೇಕು. ಕೊಡುತ್ತಾರೋ ಇಲ್ಲವೋ...

ಹಾರನ್. ಮತ್ತೊಂದು ಸಲ. ಬಂದೆ ಮಾವ, ಇದೊಂದು ಸಾಲು ಮುಗಿಸಿ—