ನೀವು ಕೈ ಮುಗಿದು ಹೋದ ಗಡಿಕಲ್ಲು

ಮಾನ್ಯ ಭೂಮಾಪನ ಅಧಿಕಾರಿಗಳೇ,

ನಮ್ಮ ಕೇರಿಯ ಗಡಿಕಲ್ಲಿಗೆ ಕೈ ಮುಗಿದು, ಬಾಳೆಹಣ್ಣಿನ ಪ್ರಸಾದ ತಿಂದು, 'ಇಲ್ಲಿ ಗಡಿಕಲ್ಲು ಇಲ್ಲ' ಎಂದು ಬರೆದುಕೊಂಡು ಹೋದಿರಲ್ಲ, ಆ ಬರಹವನ್ನು ತಿದ್ದಿ. ನಿಮ್ಮ ಕಚೇರಿಗೆ ಅಲೆದು ಸಾಕಾಗಿದೆ. ಇನ್ನು ಊರೆಲ್ಲ ಓದಲಿ.

ಕುಂಭಾಶಿ ದಾಟಿ ಕೋಟದ ಕಡೆ ಹೋಗುವಾಗ ಹೆದ್ದಾರಿಯಿಂದ ಕಡಲ ಬದಿಗೆ ಇಳಿದರೆ ಸಿಗುವ ಕೇರಿ ನಮ್ಮದು. ತಾಲೂಕು ಒಡೆದ ಮೇಲೆ ಅತ್ತ ಕುಂದಾಪುರ, ಇತ್ತ ಬ್ರಹ್ಮಾವರ, ನಡುವೆ ನಾವು. ಬಡಗಿನಿಂದ ಬಂದ ಕುಡಿಯುವ ನೀರಿನ ಪೈಪು ನಮ್ಮ ಕೇರಿಯ ಮೀನುಗಾರ ಗೋವರ್ಧನಣ್ಣ ಬಲೆ ಒಣಗಿಸುವ ಜಾಗದಲ್ಲಿ ನಿಂತಿದೆ. ತೆಂಕಿನಿಂದ ಬಂದದ್ದು ತೋಡಿನಾಚೆ ನಿಂತಿದೆ. ನಡುವಿನ ಮನೆಗಳ ಬಾವಿಯಲ್ಲಿ ಬೇಸಿಗೆಗೆ ಉಪ್ಪು ನೀರು. ಎರಡೂ ಕಡೆಯವರದು ಒಂದೇ ಮಾತು: ಗಡಿ ತೋರಿಸಿ, ನಲ್ಲಿ ಕೊಡುತ್ತೇವೆ. ಗಡಿ ಹುಡುಕುವುದು ನೀರು ಕೇಳಿದವರ ಕೆಲಸವೆಂದು ಯಾವ ಕಾನೂನಿನಲ್ಲಿದೆ ಸ್ವಾಮಿ?

ಆದರೂ ಗಡಿ ಸಿಕ್ಕಿತು. ಹೋದ ವರ್ಷ ಗೋವರ್ಧನಣ್ಣ ಕೇದಗೆ ಪೊದೆ ಕಡಿಯುವಾಗ ಮಂಡಿಯೆತ್ತರದ, ಮೈಮೇಲೆ ಗೀರುಗಳಿದ್ದ ಕಲ್ಲು ಕಂಡು, "ಹ್ವಾಯ್, ಇಲ್ ಕಾಣಿ, ನಾಗನ್ ಕಲ್ಲ್! ಯಾರೂ ಮುಟ್ಬೇಡಿ" ಎಂದು ಕೂಗಿದರು. ನಮ್ಮ ಕಡೆ ಪೊದೆಯೊಳಗೆ ಕೆತ್ತಿದ ಕಲ್ಲು ಸಿಕ್ಕರೆ ಮೊದಲು ಅರಸಿನ ಬೀಳುತ್ತದೆ, ವಿಚಾರಣೆ ಆಮೇಲೆ. ಹಾಲು, ಅಡಿಕೆ ಹೂವಿನ ಹಿಂಗಾರ ಎಲ್ಲ ಬಂದು ಗೀರುಗಳು ಮುಚ್ಚಿಹೋದವು. ನಮ್ಮದು ಭಕ್ತಿಯ ತಪ್ಪು. ಅಳೆಯಲೆಂದೇ ಸಂಬಳ ಪಡೆಯುವ ನಿಮ್ಮದು? ನೀವೂ ಬಂದಿರಿ, ಚಪ್ಪಲಿ ಬಿಟ್ಟಿರಿ, ನಕ್ಷೆಯನ್ನು ಮಾತ್ರ ಬಿಚ್ಚಲೇ ಇಲ್ಲ.

"ಹಾಂಗಾರೆ ನಮ್ಗೆ ನೀರ್ ಕೊಡೂದ್ ಯಾರ್ ಮರ್ರೆ?" ಎಂದು ನನ್ನ ನೆರೆಮನೆಯ, ಮೀನು ಮಾರುವ ಜಲಜಕ್ಕ ಕೇಳಿದರು. "ನಾಗನನ್ನೇ ಕೇಳಿ" ಎಂದು ನಕ್ಕಿರಿ. ಕೇಳಿಯೇಬಿಟ್ಟೆವು. ಸಾಲಿಗ್ರಾಮದ ಕಡೆಯಿಂದ ಅರ್ಚಕ ರವಿಶಂಕರ್ ಭಟ್ಟರನ್ನು ಕರೆಸಿದೆವು. ಅವರು ನೋಡಿದರೆ ಕಲ್ಲಿನಲ್ಲಿ ಹೆಡೆಯೂ ಇಲ್ಲ, ಪ್ರತಿಷ್ಠೆಯ ಗುರುತೂ ಇಲ್ಲ. "ಇದ್ ನಾಗ ಅಲ್ಲ, ತೊಳ್ದ್ ಕಾಣಿ" ಎಂದರು ಭಟ್ಟರು. ತೊಳೆದರೆ ಒಂದು ಬದಿಗೆ ಈಗ ಕುಂದಾಪುರಕ್ಕೆ ಸೇರಿದ ಗ್ರಾಮದ ಹೆಸರು, ಇನ್ನೊಂದು ಬದಿಗೆ ಬ್ರಹ್ಮಾವರಕ್ಕೆ ಸೇರಿದ ಗ್ರಾಮದ್ದು, ನೆತ್ತಿಯ ಮೇಲೆ ಗಡಿ ಸಾಗುವ ದಿಕ್ಕಿಗೆ ಗೆರೆ. ಜಲಜಕ್ಕನ ಮನೆ ಸ್ಪಷ್ಟವಾಗಿ ಕುಂದಾಪುರದ ಬದಿಗೆ.

ಇದನ್ನು ಹೇಳಲು ಬಂದರೆ, "ಗಡಿಕಲ್ಲಲ್ಲ, ದೇವರ ಕಲ್ಲು ಎಂದು ಬರೆದಾಗಿದೆ, ಇನ್ನು ಬದಲಾಯಿಸಿದರೆ ಜನರ ಭಾವನೆಗೆ ಧಕ್ಕೆ" ಎಂದಿರಿ. ಯಾವ ಜನರ ಭಾವನೆ? ಅರಸಿನ ಹಚ್ಚಿದವರೂ ನಾವೇ, ತೊಳೆದವರೂ ನಾವೇ!

ಜಲಜಕ್ಕನ ಮಗಳು ಮೋಕ್ಷಿತಾಳ ಸೀಮಂತ ಮುಗಿದಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು. ಗಂಡನ ಮನೆಯವರು ಬಾವಿಯ ನೀರು ಕುಡಿದು ನೋಡಿ, ಕಳಿಸುವುದಿಲ್ಲ ಎಂದುಬಿಟ್ಟರು. "ಬಾಣಂತಿನ್ ಉಪ್ಪ್ ನೀರಲ್ಲ್ ಮೀಸೂಕ್ ಆತ್ತಾ? ನಾನ್ ಯಾವ ಬಾಯಲ್ಲ್ ಕರೂದ್?" ಎಂದು ಜಲಜಕ್ಕ ಮೀನಿನ ಬುಟ್ಟಿ ಕೆಳಗಿಟ್ಟು ಅತ್ತುಬಿಟ್ಟರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೂ ಸಿಟ್ಟು ಬರುತ್ತದೆ.

ಈ ವಾರವೇ ಎರಡೂ ತಾಲೂಕಿನ ಸರ್ವೆಯವರನ್ನು ಒಟ್ಟಿಗೆ ಕರೆತನ್ನಿ. ಕಲ್ಲನ್ನು ಓದಿ, ಜಲಜಕ್ಕನ ಅಂಗಳಕ್ಕೆ ನಲ್ಲಿ ಬರುವಂತೆ ಮಾಡಿ. ನಿಮ್ಮ ಕಡತ ಎಷ್ಟು ದಿನವಾದರೂ ಕಾದೀತು. ಮೋಕ್ಷಿತಾಳ ಮಗು ಕಾಯುವುದಿಲ್ಲ.

ಇಂತಿ,
ಸದ್ಯಕ್ಕೆ ಎರಡೂ ತಾಲೂಕಿಗೆ ಬೇಡವಾದ
ಶ್ರೀಲತಾ, ಟೈಲರ್