ಬೆನಕನ ಮಾರ್ದನಿ ಪೆಟ್ಟಿಗೆ

ಶಿಕಾರಿಪುರ, ೧೯೫೮

ತಮ್ಮಾ ಬೆನಕಾ,

ನಿನ್ನ ವಿಳಾಸ ಗೊತ್ತಿಲ್ಲದೆಯೂ ಬರೆಯುತ್ತಿದ್ದೇನೆ. ನೀನು ಅರ್ಧಕ್ಕೆ ಬಿಟ್ಟುಹೋದ, ದನಿಗೆ ಮಾರ್ದನಿ ಕೊಡುವ ಪೆಟ್ಟಿಗೆಯನ್ನು ಇವತ್ತು ನಾನೇ ಕಟ್ಟಿ ಮುಗಿಸಿಬಿಟ್ಟೆ.

ಸ್ಪೀಕರಿನಿಂದ, ನಡುಕವನ್ನು ಮತ್ತೆ ದನಿಯಾಗಿಸುವ ಗ್ರಾಮಫೋನಿನ ಪಿಕಪ್ಪಿಗೆ ಸ್ಪ್ರಿಂಗನ್ನು ಎಷ್ಟು ಬಿಗಿದು ಕಟ್ಟಿದರೂ ಮಾರ್ದನಿ ಬರಲಿಲ್ಲ. ಮೂರು ಸಲ ಬಿಚ್ಚಿ ಕಟ್ಟಿದೆ. ರೇಡಿಯೋ ರಿಪೇರಿಯ ಗುಲಾಬ್ ಸಾಬ್ ನೋಡಿ ನಕ್ಕರು.

“ಏನ್ರೀ ಅಕ್ಕಾರೆ, ಬಟ್ಟೆ ಒಣಗ್ಸೋ ತಂತಿ ಏನ್ರೀ ಇದು? ಸ್ವಲ್ಪ ಸಡ್ಲ ಬಿಡ್ರಿ, ಅದೂ ನಡುಗ್ಬೇಕಲ್ಲ!”

ಸಡಿಲ ಬಿಟ್ಟೆ. ಪರೀಕ್ಷೆಗೆ ಮೈಕಿನಲ್ಲಿ ಓದಲೆಂದು ಪದ್ಯವೊಂದನ್ನು ತೆಗೆದಿಟ್ಟಿದ್ದೆ. “ಈ ಗುಜರಿ ಬಿಡು, ಇಲ್ಲಾ ಮನೆ ಬಿಡು” ಎಂದು ನಾನಂದ ದಿನ ನೀನು ಆನವಟ್ಟಿ ಬಸ್ಸು ಹತ್ತಿದೆ. ಅಂದು ಬಸ್ಸು ಹೊರಟಾಗ ನಾನು ನುಂಗಿಕೊಂಡ ಮಾತೇ, ಪದ್ಯದ ಬದಲು, ಮೈಕು ಹಿಡಿದೊಡನೆ ಬಾಯಿಗೆ ಬಂತು.

“ಇಳಿಯೋ, ಬೆನಕಾ.”

ಪೆಟ್ಟಿಗೆ ಅದನ್ನೇ ದೂರದೂರಕ್ಕೆ ಕೂಗುತ್ತಾ ಹೋಯಿತು. ಮಾರ್ದನಿ ಅಡಗಿದ ಮೇಲೆ ನಾನು ಮತ್ತೊಮ್ಮೆ, ಇನ್ನೂ ಜೋರಾಗಿ ಕೂಗಿದೆ.