ಓಡುವ ಹುಡುಗನ ಎಡಗೈ

ಇಂದುಮತಿ,

ನೀನು ಮಾರ್ಕೆಟ್ಟಿಂದ ಬರೋಷ್ಟರಲ್ಲಿ ನಾನು ಬಾಂದ್ರಾ ಲೋಕಲ್ಲಿನಲ್ಲಿರ್ತೀನಿ. ನಿನಗೆ ಕೆಲಸ ಕೊಡ್ತೀವಿ ಅಂದ ಆ ವಿಡಿಯೋ ಗೇಮ್ ಕಂಪನಿಯನ್ನ ಕಣ್ಣಾರೆ ನೋಡಿ ಬರ್ತೀನಿ. ತಿರುಮಲೇಶ ಕೇಳಿದರೆ ಅಮ್ಮ ದೇವಸ್ಥಾನಕ್ಕೆ ಹೋಗಿದಾರೆ ಅನ್ನು.

ಕುಕ್ಕರಿನಲ್ಲಿ ಅನ್ನ ಇದೆ. ಸಾರಿಗೆ ಒಗ್ಗರಣೆ ನೀನೇ ಹಾಕು. ನಲ್ಲಿ ನಿಲ್ಲೋದರೊಳಗೆ ಡ್ರಮ್ ತುಂಬಿಸು.

ಕುರ್ಲಾ ಸ್ಟೇಷನ್ ಹತ್ತಿರ ಪೋಲಿ ಹುಡುಗರು ಟೀವಿಯಂಥ ಪೆಟ್ಟಿಗೆಗೆ ನಾಣ್ಯ ಹಾಕಿ ಆಡ್ತಾರಲ್ಲ, ಅಂಥ ಆಟಕ್ಕೆ ಬೊಂಬೆ ಬರೆದರೆ ತಿಂಗಳ ಸಂಬಳವಂತೆ! ಯಾರು ನಂಬ್ತಾರೆ? ಆಫೀಸಿನ ಬಾಗಿಲಿಗೆ ಬೋರ್ಡೇ ಇಲ್ಲ ಅಂತ ನೀನೇ ಹೇಳಿದೆ. "ಮೊದಲು ಚಿತ್ರ ತಂದುಕೊಡಿ, ಕೆಲಸದ ಮಾತು ಆಮೇಲೆ" ಅಂದರಂತೆ. ಚಿತ್ರ ಇಟ್ಟುಕೊಂಡು ನಿನ್ನನ್ನ ಸಾಗಹಾಕಿದರೆ? ನಾನು ಬರೋತನಕ ಅದನ್ನ ಯಾರ ಕೈಗೂ ಕೊಡಬೇಡ. "ಅತ್ತೆ, ನಿಮಗೆ ಎಲ್ಲದರಲ್ಲೂ ಅನುಮಾನ" ಅಂತೀಯ. ಹೌದು, ಅನುಮಾನವೇ.

ನಿನ್ನ ಗ್ರಾಫ್ ಹಾಳೆಗಳು ಫ್ಯಾನ್ ಗಾಳಿಗೆ ಹಾರಾಡ್ತಿದ್ದವು, ಸಾರಿನಪುಡಿ ಡಬ್ಬದ ಕೆಳಗಿಟ್ಟಿದೀನಿ. ಚೌಕ ಚೌಕ ತುಂಬಿ ಬರೆದಿದೀಯಲ್ಲ, ಆ ಓಡೋ ಹುಡುಗನನ್ನ ನೋಡಿದೆ. ಮೂರನೇ ಚಿತ್ರದಲ್ಲಿ ಬಲಗಾಲೂ ಮುಂದಿದೆ, ಬಲಗೈಯೂ ಮುಂದಿದೆ. ಹಾಗೆ ಯಾರೂ ಓಡಲ್ಲ. ಎಡಗೈ ಮುಂದೆ ಬರಬೇಕು, ತಿದ್ದಿಟ್ಟಿರು.

ನನ್ನ ಮಾತು ನಂಬದಿದ್ದರೆ ಪಕ್ಕದ ಮನೆ ವಿನೋದಿನಿಯನ್ನ ಕೇಳು. ನೀನು ಸ್ನಾನಕ್ಕೆ ಹೋಗಿದ್ದಾಗ ನಾನು ಸೆರಗು ಸಿಕ್ಕಿಸಿಕೊಂಡು ಚಾಳಿನ ಗ್ಯಾಲರಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಿ ನೋಡಿದೆ. ಪಾಪ, ಅವಳು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು: "ಎಂತಾಯ್ತು ಮಾಮಿ, ಕಳ್ಳನಾ?"

ಅತ್ತೆ